ಹಿಂದಿನ ಎಡಚಕ್ರ ಕಾಯುತ್ತಿದೆ, ಡಿಸ್ಕ್ ಬದಲಿಸಲೇ?

ಪ್ರಶ್ನೆ: ನಮ್ಮದು ಶ್ರೀನಿವಾಸಪುರದ ಹತ್ತಿರದ ಹಳ್ಳಿ, ಮಾವಿನ ತೋಟವಿದೆ. 2009ರ ಮಾಡೆಲ್ ಸೆಡಾನ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಓಡಿಸುತ್ತಿದ್ದೇನೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕೋಲಾರಕ್ಕೆ ಹೋಗಿ ಬಂದರೆ ಸಾಕು, ಹಿಂದಿನ ಎಡಚಕ್ರ ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾಸನೆ ಬೇರೆ. ಹೋದ ವರ್ಷ ಹ್ಯಾಂಡ್‌ಬ್ರೇಕ್ ಲೂಸಾಗಿದೆಯೆಂದು ಮಾಲೂರಿನ ಒಂದು ಗ್ಯಾರೇಜಿನಲ್ಲಿ ಟೈಟ್ ಮಾಡಿಸಿ, ಹಿಂದಿನ ಪ್ಯಾಡುಗಳನ್ನೂ ಹೊಸದು ಹಾಕಿಸಿದ್ದೆ. ಈಗ ಬಿಚ್ಚಿ ನೋಡಿದರೆ ಎಡಚಕ್ರದ ಒಳಗಿನ ಪ್ಯಾಡ್ ಪೂರ್ತಿ ಸವೆದಿದೆ, ಹೊರಗಿನದು ಅರ್ಧಕ್ಕಿಂತ ಹೆಚ್ಚೇ ಉಳಿದಿದೆ. ಒಬ್ಬ ಮೆಕ್ಯಾನಿಕ್ ಎರಡೂ ಡಿಸ್ಕ್ ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಕ್ಯಾಲಿಪರೇ ಹೋಗಿದೆ ಎನ್ನುತ್ತಾರೆ. ಮೂರನೆಯವರು, ಹ್ಯಾಂಡ್‌ಬ್ರೇಕ್ ಕೇಬಲ್ ಕಿತ್ತುಹಾಕಿ ಗೇರಿನಲ್ಲೇ ನಿಲ್ಲಿಸಿಕೊಳ್ಳಿ ಸಾರ್ ಅಂದರು. ಯಾರ ಮಾತು ಕೇಳಲಿ? ಮುಂದಿನ ತಿಂಗಳು ಮನೆಮಂದಿಯೆಲ್ಲ ಇದೇ ಕಾರಿನಲ್ಲಿ ಮುಳಬಾಗಿಲು ಮೇಲೆ ತಿರುಪತಿಗೆ ಹೊರಟಿದ್ದೇವೆ.
— ಒಬ್ಬ ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಮೊದಲ ಇಬ್ಬರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೂರನೆಯವರದನ್ನು ಬಿಟ್ಟೇಬಿಡಿ, ಯಾಕೆಂದು ಆಮೇಲೆ ಹೇಳುತ್ತೇನೆ. ನೀವು ಪತ್ರದಲ್ಲಿ ಹಾಗೇ ಹೇಳಿ ಮುಂದೆ ಹೋದ ಎರಡು ಸಂಗತಿಗಳೇ ನನಗೆ ಮುಖ್ಯವಾಗಿ ಕಂಡವು. ಒಂದು, ಹ್ಯಾಂಡ್‌ಬ್ರೇಕ್ ಟೈಟ್ ಮಾಡಿಸಿದ್ದು. ಇನ್ನೊಂದು, ಒಳಗಿನ ಪ್ಯಾಡ್ ಮುಗಿದು ಹೊರಗಿನದು ಉಳಿದದ್ದು. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ದೋಷ ಶುರುವಾದದ್ದು ಡಿಸ್ಕಿನಲ್ಲಲ್ಲ. ಡಿಸ್ಕೂ ಹಾಳಾಗಿರಬಹುದು, ಆದರೆ ಅದು ಆಮೇಲಿನ ಮಾತು. ಈಗಲೇ ಹೊಸ ಡಿಸ್ಕ್ ಹಾಕಿಸಿದರೆ ಮುಂದಿನ ಮಾವಿನ ಸುಗ್ಗಿಯ ಹೊತ್ತಿಗೆ ಅದೂ ಹೀಗೇ ಕಾಯುತ್ತಿರುತ್ತದೆ.

ಮೂವರು ಮೂರು ಮಾತಾಡಿದ್ದಕ್ಕೆ ಅವರನ್ನು ದೂರಿ ಫಲವಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮು. ಆಮೇಲೆ ಮುಂದಕ್ಕೆ ಡಿಸ್ಕ್ ಬಂತು, ಹಿಂದಕ್ಕೆ ಡ್ರಮ್ಮೇ ಉಳಿಯಿತು. ಇವತ್ತಿಗೂ ಕೋಲಾರದ ಗ್ಯಾರೇಜುಗಳ ಮುಂದೆ ನಿಂತ ಗಾಡಿಗಳನ್ನು ನೋಡಿ: ಆಲ್ಟೊ, ಡಿಜೈರ್, ಬೊಲೆರೊ, ಹಳೆಯ ಇನ್ನೋವಾ. ಹಿಂದಿನ ಚಕ್ರ ಬಿಚ್ಚಿದರೆ ಡ್ರಮ್ಮು, ಅದರೊಳಗೆ ಲೈನರು. ಹಿಂದಕ್ಕೂ ಡಿಸ್ಕ್ ಇದ್ದದ್ದು ಆಗಿನ ಸ್ವಲ್ಪ ದುಬಾರಿ ಕಾರುಗಳಿಗೆ: 2001ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ, 2006ರ ಹೋಂಡಾ ಸಿವಿಕ್, 2009ರ ಷೆವರ್ಲೆ ಕ್ರೂಜ್, 2011ರ ಮಹೀಂದ್ರ ಎಕ್ಸ್‌ಯುವಿ 500, ಹೀಗೆ. ಹೊಸದಾಗಿದ್ದಾಗ ಇವೆಲ್ಲ ಬೆಂಗಳೂರಿನ ಕಂಪನಿ ವರ್ಕ್‌ಶಾಪುಗಳಲ್ಲಿ ಸರ್ವಿಸ್ ಆದವು. ಈಗ ಎರಡನೆಯ, ಮೂರನೆಯ ಕೈಗೆ ದಾಟಿ ನಮ್ಮ ತಾಲ್ಲೂಕುಗಳಿಗೆ ಬಂದಿವೆ. ನೂರಾರು ಡ್ರಮ್ ಬಿಚ್ಚಿ ಕೈಪಳಗಿದ ಮೆಕ್ಯಾನಿಕ್ಕೂ ಹಿಂದಿನ ಡಿಸ್ಕನ್ನು ಕಂಡಾಗ ಅದು ಮುಂದಿನ ಡಿಸ್ಕಿನ ತಮ್ಮ ಎಂದುಕೊಂಡು ಕೈಹಾಕುತ್ತಾರೆ. ತಮ್ಮನೇನೋ ಹೌದು. ಆದರೆ ಅಣ್ಣನಿಗಿಲ್ಲದ ಒಂದು ಹೊರೆ ಇವನ ಹೆಗಲ ಮೇಲಿದೆ, ಹ್ಯಾಂಡ್‌ಬ್ರೇಕಿನದು.

ಮುಂದಿನ ಕ್ಯಾಲಿಪರಿನ ಕೆಲಸ ಸರಳ. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದೇ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಒತ್ತಿಸುತ್ತದೆ. ಪೆಡಲ್ ಬಿಟ್ಟಾಗ ಪಿಸ್ಟನ್ನಿನ ಸುತ್ತ ಕೂತಿರುವ ಚೌಕಂಚಿನ ರಬ್ಬರ್ ಸೀಲು ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಬ್ರೇಕ್ ಬಿಡುವುದೆಂದರೆ ಇಷ್ಟೇ. ಡ್ರಮ್ಮಿನಲ್ಲಿ ಲೈನರನ್ನು ವಾಪಸು ಎಳೆಯುವ ದಪ್ಪ ಸ್ಪ್ರಿಂಗುಗಳಂಥವು ಇಲ್ಲಿಲ್ಲ. ಹಾಗಾಗಿ ಪಿನ್ನು ಸ್ವಲ್ಪ ಬಿಗಿದರೂ, ಪಿಸ್ಟನ್ನಿಗೆ ಸ್ವಲ್ಪ ತುಕ್ಕು ಹಿಡಿದರೂ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ನಿಮ್ಮ ಕಾರಿನ ಕಾಲದ ಬಹುಪಾಲು ಸೆಡಾನುಗಳ ಹಿಂದಿನ ಕ್ಯಾಲಿಪರಿನಲ್ಲಿ ಇದೆಲ್ಲದರ ಜೊತೆಗೆ ಬೆನ್ನಿನ ಕಡೆ ಒಂದು ಪುಟ್ಟ ಲಿವರ್ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದರೆ ಕೇಬಲ್ ಈ ಲಿವರನ್ನು ತಿರುಗಿಸುತ್ತದೆ. ಲಿವರ್ ಒಳಗಿನ ಒಂದು ಸ್ಕ್ರೂವನ್ನು ಮುಂದೆ ದೂಡುತ್ತದೆ. ಸ್ಕ್ರೂ ಪಿಸ್ಟನ್ನನ್ನು ತಳ್ಳುತ್ತದೆ. ಆಯಿಲ್ಲಿಗೆ ಇಲ್ಲಿ ಕೆಲಸವಿಲ್ಲ, ಎಲ್ಲವೂ ಕಬ್ಬಿಣದ ಮೇಲೆ ಕಬ್ಬಿಣ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಮುಂದೆ ಬರಬೇಕಲ್ಲ, ಅದಕ್ಕೆ ತಕ್ಕಂತೆ ಒಳಗಿನ ನಟ್ ತಾನಾಗಿ ತಿರುಗಿ ಅಂತರವನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೊಂದು ಷರತ್ತಿದೆ. ಹ್ಯಾಂಡ್‌ಬ್ರೇಕ್ ಇಳಿಸಿದಾಗ ಆ ಲಿವರ್ ಪೂರ್ತಿ ಹಿಂದಕ್ಕೆ ಹೋಗಿ ತನ್ನ ಸ್ಟಾಪರಿಗೆ ತಾಗಿ ಕೂರಬೇಕು. ಕೂರದಿದ್ದರೆ ಹೊಂದಾಣಿಕೆಯೂ ಕೆಡುತ್ತದೆ, ಬ್ರೇಕೂ ಪೂರ್ತಿ ಬಿಡುವುದಿಲ್ಲ. (ಕೆಲವು ಕಾರುಗಳಲ್ಲಿ ವ್ಯವಸ್ಥೆ ಬೇರೆ: ಹಿಂದಿನ ಡಿಸ್ಕಿನ ನಡುವಿನ ಟೋಪಿಯಂಥ ಭಾಗದೊಳಗೆ ಹ್ಯಾಂಡ್‌ಬ್ರೇಕಿಗೆಂದೇ ಸಣ್ಣ ಡ್ರಮ್ ಅಡಗಿರುತ್ತದೆ. ಕ್ಯಾಲಿಪರಿನ ಬೆನ್ನಿಗೆ ಕೇಬಲ್ ಬಂದು ಸೇರಿದ್ದರೆ ನಿಮ್ಮದು ಮೊದಲನೆಯ ಬಗೆ.)

ಈಗ ಹೋದ ವರ್ಷದ ಟೈಟ್ ಮಾಡಿಸಿದ ಕಥೆಗೆ ಬನ್ನಿ. ಹ್ಯಾಂಡ್‌ಬ್ರೇಕ್ ಸಡಿಲವಾಗಿ ಹೆಚ್ಚು ಹಲ್ಲು ಮೇಲೆ ಬರುತ್ತಿತ್ತು. ಅದಕ್ಕೆ ಕಾರಣ ಕೇಬಲ್ ಉದ್ದವಾದದ್ದೇ ಆಗಿರಬೇಕೆಂದಿಲ್ಲ. ಕ್ಯಾಲಿಪರಿನೊಳಗಿನ ಹೊಂದಾಣಿಕೆ ನಿಂತುಹೋಗಿದ್ದರೂ, ಲಿವರ್ ತುಕ್ಕಿಗೆ ಸಿಕ್ಕಿ ಅರ್ಧದಾರಿಯಲ್ಲೇ ನಿಂತಿದ್ದರೂ ಹೀಗಾಗುತ್ತದೆ. ಡ್ರಮ್ಮಿನ ಅಭ್ಯಾಸದ ಕೈ ಮಾಡುವ ಮೊದಲ ಕೆಲಸ, ಗೇರಿನ ಪಕ್ಕದ ಕವರು ಬಿಚ್ಚಿ ಕೇಬಲ್ ನಟ್ ಬಿಗಿ ಮಾಡುವುದು. ಹ್ಯಾಂಡ್‌ಬ್ರೇಕ್ ಆ ಕ್ಷಣಕ್ಕೆ ಚೆನ್ನಾಗಿ ಹಿಡಿಯುತ್ತದೆ, ನೀವು ದುಡ್ಡು ಕೊಟ್ಟು ಖುಷಿಯಾಗಿ ಬರುತ್ತೀರಿ. ಆದರೆ ಬಿಗಿದ ಕೇಬಲ್ ಎರಡೂ ಲಿವರುಗಳನ್ನು ಸ್ಟಾಪರಿನಿಂದ ಸ್ವಲ್ಪ ಮೇಲೆತ್ತಿ ಹಿಡಿದಿರುತ್ತದೆ. ಎಂದರೆ ನೀವು ಶ್ರೀನಿವಾಸಪುರದಿಂದ ಕೋಲಾರದವರೆಗಿನ ಸುಮಾರು 25 ಕಿ.ಮೀ. ದಾರಿಯನ್ನು ಹ್ಯಾಂಡ್‌ಬ್ರೇಕ್ ಒಂಚೂರು ಎಳೆದುಕೊಂಡೇ ಓಡಿಸುತ್ತಿದ್ದೀರಿ. ಮೈಲೇಜೂ ಇಳಿದಿರಬೇಕು, ಲೆಕ್ಕ ಹಾಕಿ ನೋಡಿ.

ಹಾಗಿದ್ದರೆ ಎರಡೂ ಚಕ್ರ ಕಾಯಬೇಕಿತ್ತು, ಎಡದ್ದೇ ಏಕೆ? ಇಲ್ಲಿ ಪಿನ್ನುಗಳ ಪಾತ್ರ ಬರುತ್ತದೆ. ಒಳಗಿನ ಪ್ಯಾಡ್ ಮಾತ್ರ ಸವೆದಿದೆಯೆಂದರೆ ಪಿಸ್ಟನ್ ತಳ್ಳುತ್ತಿದೆ, ಆದರೆ ಕ್ಯಾಲಿಪರ್ ಜಾರುತ್ತಿಲ್ಲ, ಅಥವಾ ಪಿಸ್ಟನ್ ವಾಪಸಾಗುತ್ತಿಲ್ಲ, ಅಥವಾ ಎರಡೂ. ಪ್ಯಾಡೊಂದು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗೆ, ಓರೆಯಾಗಿ ಸವೆದಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಜಾಮ್ ಆಗಿರುವ ಸಾಧ್ಯತೆ ಹೆಚ್ಚು. ಬಿಚ್ಚಿದ ಪ್ಯಾಡುಗಳನ್ನು ಎಸೆಯದೆ ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಗುರುತು ಹಾಕಿ ಇಟ್ಟುಕೊಳ್ಳಿ. ಮೆಕ್ಯಾನಿಕ್ಕಿಗೆ ನೂರು ಮಾತು ಹೇಳುವ ಬದಲು ಆ ನಾಲ್ಕು ತುಂಡು ತೋರಿಸಿದರೆ ಸಾಕು.

ಎಡಗಡೆಗೇ ಈ ಗತಿ ಬರಲು ನಮ್ಮ ರಸ್ತೆಗಳೂ ಕಾರಣ ಎಂಬುದು ನನ್ನ ಅಂದಾಜು. ನಾವು ಎಡಕ್ಕೆ ಓಡಿಸುವವರು. ಎದುರಿಗೆ ಟೊಮೆಟೊ ಕ್ರೇಟು ಹೇರಿಕೊಂಡು ಎಪಿಎಂಸಿ ಮಾರುಕಟ್ಟೆಗೆ ಓಡುವ ಪಿಕಪ್ ಬಂದರೆ ನಮ್ಮ ಎಡಚಕ್ರಗಳೇ ಮಣ್ಣಿಗಿಳಿಯಬೇಕು. ತೋಟದ ದಾರಿಯ ಕೆಂಪು ಧೂಳು, ಮಾಲೂರು ಕಡೆಯ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳ ಜೇಡಿಮಣ್ಣಿನ ಹುಡಿ, ಮಳೆ ಬಂದರೆ ಅದರದೇ ಕೆಸರು. ಪಿನ್ನಿನ ರಬ್ಬರ್ ಬೂಟಿನಲ್ಲಿ ಒಂದು ಸಣ್ಣ ಸೀಳಿದ್ದರೂ ಈ ಹುಡಿ ಒಳಹೊಕ್ಕು ಗ್ರೀಸಿನ ಜೊತೆ ಸೇರಿ ಅಂಟಾಗುತ್ತದೆ. ಇನ್ನೊಂದು, ಮಾವಿನವರ ಕಾರಿನ ವರ್ಷ ಬೇರೆಯೇ ನಮೂನೆಯದು. ಮೇ, ಜೂನ್, ಜುಲೈನಲ್ಲಿ ದಿನವೂ ಓಟ, ಡಿಕ್ಕಿಯಲ್ಲಿ ಹಣ್ಣಿನ ಕ್ರೇಟು. ಸುಗ್ಗಿ ಮುಗಿದ ಮೇಲೆ ಕಾರು ಮರದ ಕೆಳಗೆ ನಿಲ್ಲುತ್ತದೆ. ಕೋಲಾರ ಸೀಮೆಗೆ ಜೋರು ಮಳೆ ಬೀಳುವ ಸೆಪ್ಟೆಂಬರ್, ಅಕ್ಟೋಬರ್ ಬರುವುದು ಆಗಲೇ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಒದ್ದೆ ಕಾರಿನಲ್ಲಿ ಕೇಬಲ್, ಲಿವರ್, ಪಿನ್ನು, ಡಿಸ್ಕ್ ಎಲ್ಲವೂ ಒಟ್ಟಿಗೆ ತುಕ್ಕು ಹಿಡಿಯುತ್ತವೆ. ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಹಿಂದಿನ ಡಿಸ್ಕಿಗೆ ಹೆಚ್ಚು. ಜೋರಾಗಿ ಬ್ರೇಕ್ ಹಾಕಿದಾಗ ಇಂಥ ಕಾರುಗಳಲ್ಲಿ ಮುಕ್ಕಾಲು ಪಾಲು ಕೆಲಸ ಮುಂದಿನ ಚಕ್ರಗಳದೇ. ಹಿಂದಿನವಕ್ಕೆ ತಮ್ಮ ತುಕ್ಕನ್ನು ತಾವೇ ಉಜ್ಜಿ ಕಳೆದುಕೊಳ್ಳುವಷ್ಟೂ ಕೆಲಸ ಸಿಗುವುದಿಲ್ಲ.

ಇಷ್ಟೆಲ್ಲ ಊಹೆ. ಊಹೆಯ ಮೇಲೆ ಸಾಮಾನು ತರಬಾರದು, ಪರೀಕ್ಷೆ ಮಾಡಿಸಿ. ಮತ್ತು ಪರೀಕ್ಷೆಯನ್ನು ಚಕ್ರ ಹಿಡಿದುಕೊಂಡಿರುವಾಗಲೇ ಮಾಡಿಸಬೇಕು. ಕಾರನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಚಕ್ರ ಎತ್ತಿ ತಿರುಗಿಸಿ, ‘ಫ್ರೀಯಾಗೇ ಇದೆಯಲ್ಲ ಸಾರ್’ ಎಂದು ವಾಪಸು ಕಳಿಸುತ್ತಾರೆ. ಅವರ ಮಾತೂ ಸುಳ್ಳಲ್ಲ. ಅದಕ್ಕೇ ಮೊದಲೇ ಮಾತಾಡಿಕೊಂಡು, ಊರಿನಿಂದ ಓಡಿಸಿಕೊಂಡು ಹೋಗಿ ಬಿಸಿಯಿರುವಾಗಲೇ ಎತ್ತಿಸಿ. ಬಿಸಿ ನೋಡಲು ಡಿಸ್ಕನ್ನು ಮುಟ್ಟಬೇಡಿ, ಬೊಬ್ಬೆ ಬರುತ್ತದೆ. ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಅಗ್ಗ, ಅದರಿಂದ ಎಡಬಲ ಹೋಲಿಸಿ. ಅದಿಲ್ಲದಿದ್ದರೆ ಎರಡು ಹನಿ ನೀರು ಚಿಮುಕಿಸಿ: ಒಂದು ಕಡೆ ಚುಂಯ್ ಎಂದು ಆವಿಯಾಗಿ ಇನ್ನೊಂದು ಕಡೆ ಸುಮ್ಮನೆ ಇಳಿದುಹೋದರೆ ಉತ್ತರ ಸಿಕ್ಕಂತೆ. ಬಕೆಟ್ಟಿನಿಂದ ಮಾತ್ರ ಸುರಿಯಬೇಡಿ. ಕಾದ ಡಿಸ್ಕ್ ಡೊಂಕಾಗಲು, ಬಿರುಕು ಬಿಡಲು ಅಷ್ಟು ಸಾಕು.

ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಕೈಯಿಕ್ಕಬಾರದು, ತೋಟದ ಮೆತ್ತನೆಯ ನೆಲದ ಮೇಲಂತೂ ಜಾಕು ಹಚ್ಚಲೇಬಾರದು. ಚಕ್ರವನ್ನು ಕೈಯಿಂದ ತಿರುಗಿಸಿ. ಪ್ಯಾಡು ತುಸು ಉಜ್ಜುವ ಸದ್ದು ಸಹಜ. ಬಲ ಹಾಕಿದರೂ ತಿರುಗದಿದ್ದರೆ ಹಿಡಿದಿದೆ. ಈಗ ಕ್ಯಾಲಿಪರಿನ ಬೆನ್ನಿನ ಲಿವರಿನಿಂದ ಕೇಬಲ್ ತುದಿಯನ್ನು ಕಳಚಿ. ತಕ್ಷಣ ಚಕ್ರ ಸಡಿಲಾಯಿತೇ? ಹಾಗಾದರೆ ತಪ್ಪು ಕೇಬಲ್ಲಿನದು, ಅಥವಾ ಅದನ್ನು ಬಿಗಿದ ರೀತಿಯದು. ಕೇಬಲ್ ಕಳಚಿದ ಮೇಲೂ ಲಿವರ್ ಸ್ಟಾಪರಿನವರೆಗೆ ಹೋಗದೆ, ಬೆರಳಿನಿಂದ ತಳ್ಳಿದ ಮೇಲೆ ಹೋದರೆ, ಆಗ ಚಕ್ರ ಬಿಟ್ಟರೆ, ತಪ್ಪು ಲಿವರಿನ ತುಕ್ಕಿನದು. ನನಗನ್ನಿಸುವಂತೆ ನಿಮ್ಮ ಹುಡುಕಾಟ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಮುಂದಿನ ಹೆಜ್ಜೆ ನಿಪ್ಪಲ್, ಎಂದರೆ ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಪುಟ್ಟ ತಿರುಪು. ಅದಕ್ಕೊಂದು ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಗೆ ಬಿಟ್ಟು, ಸ್ವಲ್ಪ ತೆರೆಯಬೇಕು. ಆಯಿಲ್ ಒತ್ತಡದಿಂದ ಚಿಮ್ಮಿ ಚಕ್ರ ಬಿಟ್ಟಿತೆಂದರೆ, ಪೆಡಲ್ ಬಿಟ್ಟ ಮೇಲೂ ಒತ್ತಡ ಕ್ಯಾಲಿಪರಿನಲ್ಲೇ ಉಳಿದಿತ್ತು ಎಂದರ್ಥ. ಹಳೆಯ ಕಾರಿನಲ್ಲಿ ಒಂದೇ ಚಕ್ರಕ್ಕೆ ಹೀಗಾದರೆ ನಾನು ಮೊದಲು ಅನುಮಾನಿಸುವುದು ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸನ್ನು. ಹೊರಗಿನಿಂದ ಅದು ಚೆನ್ನಾಗೇ ಕಾಣುತ್ತದೆ. ಒಳಗಿನ ಪದರ ಊದಿಯೋ ಸುಲಿದೋ ದಾರಿ ಕಟ್ಟಿದ್ದರೆ, ನಿಮ್ಮ ಕಾಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ವಾಪಸು ಬರಲು ಮಾತ್ರ ಬಲ ಸಾಲುವುದಿಲ್ಲ. ಇದನ್ನು ಖಾತ್ರಿ ಮಾಡಿಕೊಳ್ಳಲು ನಿಪ್ಪಲ್ ಮುಟ್ಟದೆ, ಹೋಸಿನ ಮೇಲ್ತುದಿಯಲ್ಲಿ ಕಬ್ಬಿಣದ ಪೈಪು ಸೇರುವ ಜಾಗವನ್ನು ಸಡಿಲಿಸಿ ನೋಡಬಹುದು. ಅಲ್ಲಿ ಸಡಿಲಿಸಿದಾಗಲೇ ಚಕ್ರ ಬಿಟ್ಟರೆ ದೋಷ ಅದಕ್ಕೂ ಮೇಲೆ, ಪೆಡಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಕಡೆ. ಅಲ್ಲಿ ಬಿಡದೆ ನಿಪ್ಪಲ್ ತೆರೆದಾಗ ಬಿಟ್ಟರೆ ಹೋಸು. ಹೋಸನ್ನು ಎರಡೂ ಕಡೆ ಒಟ್ಟಿಗೇ ಬದಲಿಸಿ, ಎರಡಕ್ಕೂ ವಯಸ್ಸು ಒಂದೇ.

ಕೇಬಲ್ ಕಳಚಿದರೂ ಬಿಡಲಿಲ್ಲ, ನಿಪ್ಪಲ್ ತೆರೆದರೂ ಬಿಡಲಿಲ್ಲ ಅನ್ನಿ. ಆಗಷ್ಟೇ ಕ್ಯಾಲಿಪರನ್ನು ಕೈಗೆತ್ತಿಕೊಳ್ಳುವುದು. ಪಿನ್ನು ಬೆರಳಿನಿಂದ ಎಳೆದರೆ ಜಾರಬೇಕು. ಜಾರದಿದ್ದರೆ ತೆಗೆದು, ರಂಧ್ರವನ್ನೂ ಶುಚಿ ಮಾಡಿ, ಹೊಸ ರಬ್ಬರ್ ಬೂಟು ಹಾಕಿ ಗ್ರೀಸು ಹಚ್ಚಬೇಕು. ಗ್ರೀಸಿನ ವಿಷಯದಲ್ಲಿ ನೀವು ಜಗಳವಾಡಿಯಾದರೂ ಹಟ ಹಿಡಿಯಿರಿ. ಗ್ಯಾರೇಜಿನ ಡಬ್ಬದಲ್ಲಿರುವ ಮಾಮೂಲಿ ಚಾಸಿ ಗ್ರೀಸು ಪೆಟ್ರೋಲಿಯಂ ಮೂಲದ್ದು. ಬ್ರೇಕಿನ ರಬ್ಬರು ಅದರ ಸಂಗಕ್ಕೆ ಊದಿಕೊಂಡು ಪಿನ್ನನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸೇ ಬೇಕು. ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಬೇಡ, ಬ್ರೇಕ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಪ್ಯಾಡಿನ ಹುಡಿಯನ್ನು ಏರ್ ಗನ್ನಿನಿಂದ ಊದಿಸಬೇಡಿ, ಅದು ನೇರ ಅಲ್ಲಿದ್ದವರ ಶ್ವಾಸಕೋಶಕ್ಕೇ ಹೋಗುತ್ತದೆ. ಕೆಲವು ಕಾರುಗಳಲ್ಲಿ ಎರಡು ಪಿನ್ನುಗಳು ಒಂದೇ ಥರ ಇರುವುದಿಲ್ಲ, ಒಂದಕ್ಕೆ ತುದಿಯಲ್ಲಿ ರಬ್ಬರ್ ತೋಳಿರುತ್ತದೆ. ಬಿಚ್ಚುವಾಗ ಯಾವುದು ಮೇಲೆ, ಯಾವುದು ಕೆಳಗೆ ಎಂದು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನು ಹಿಂದಿನ ಡಿಸ್ಕಿನ ಕೆಲಸದಲ್ಲಿ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕ್ಯಾಲಿಪರುಗಳನ್ನು ಕೊಲ್ಲುವ ಸಂಗತಿ. ಹೊಸ ಪ್ಯಾಡ್ ಕೂರಿಸಬೇಕಾದರೆ ಮುಂದೆ ಬಂದಿರುವ ಪಿಸ್ಟನ್ನನ್ನು ಒಳಕ್ಕೆ ಸರಿಸಬೇಕು. ಮುಂದಿನ ಚಕ್ರದಲ್ಲಾದರೆ ಜಿ ಕ್ಲಾಂಪ್ ಹಾಕಿ ಒತ್ತಿದರೆ ಹೋಗುತ್ತದೆ. ಹಿಂದಿನದು ಒಳಗೆ ಸ್ಕ್ರೂ ಮೇಲೆ ಕೂತಿರುವುದರಿಂದ ಹಾಗೆ ಹೋಗುವುದಿಲ್ಲ. ತಿರುಗಿಸುತ್ತ, ಜೊತೆಗೆ ಮೆಲ್ಲಗೆ ಒತ್ತುತ್ತ ಒಳಗೆ ಕಳಿಸಬೇಕು. ಪಿಸ್ಟನ್ನಿನ ಮುಖದ ಮೇಲೆ ತೋಡು ಕೊರೆದಿರುವುದು ಇದಕ್ಕಾಗಿಯೇ, ಅದಕ್ಕೆ ಹೊಂದುವ ಟೂಲ್ ಸೆಟ್ ಸಿಗುತ್ತದೆ. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಒಳಗೆ ಹೋಗುತ್ತದೆ, ಕೆಲವು ಕಾರುಗಳಲ್ಲಿ ಒಂದು ಕಡೆಯದು ಉಲ್ಟಾ. ಕ್ಲಾಂಪ್ ಹಾಕಿ ಬಲವಂತದಿಂದ ಒತ್ತಿದರೆ ಒಳಗಿನ ಹೊಂದಾಣಿಕೆಯ ಯಂತ್ರವೇ ಮುರಿಯುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್ ಎಷ್ಟು ಬಿಗಿದರೂ ನಿಲ್ಲದು, ಆಗ ಕ್ಯಾಲಿಪರ್ ನಿಜವಾಗಿಯೂ ಹೋದಂತೆಯೇ. ನಿಮ್ಮ ಕಾರಿಗೆ ಹೋದ ವರ್ಷ ಪ್ಯಾಡ್ ಹಾಕುವಾಗ ಇದೇ ಆಗಿರಬಹುದೇ ಎಂದು ಈಗ ಕೇಳಿ ಪ್ರಯೋಜನವಿಲ್ಲ, ಈ ಸಲ ಕೆಲಸ ಕೊಡುವ ಮೊದಲು ‘ಪಿಸ್ಟನ್ ತಿರುಗಿಸುವ ಟೂಲ್ ಇದೆಯಾ ಅಣ್ಣಾ?’ ಎಂದು ಕೇಳಿ. ಇಲ್ಲ ಎಂದರೆ ಇರುವಲ್ಲಿಗೆ ಹೋಗಿ. ಇನ್ನೂ ಒಂದು ಸಣ್ಣ ವಿಷಯ: ಕೆಲವು ಕಾರುಗಳಲ್ಲಿ ಒಳಗಿನ ಪ್ಯಾಡಿನ ಬೆನ್ನ ಮೇಲೆ ಒಂದು ಪುಟ್ಟ ಗುಬಟು ಇರುತ್ತದೆ, ಅದು ಪಿಸ್ಟನ್ನಿನ ತೋಡಿನೊಳಗೆ ಕೂರಬೇಕು. ಕೂರದೆ ಮೇಲೇರಿ ನಿಂತರೆ ಪ್ಯಾಡ್ ಓರೆಯಾಗಿ ಒತ್ತಿ, ವರ್ಷದೊಳಗೆ ಮುಗಿಯುತ್ತದೆ.

ಎಲ್ಲ ಜೋಡಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹೊಂದಿಸುವ ಕ್ರಮ ಹೀಗೆ. ಮೊದಲು ಕೇಬಲ್ ನಟ್ ಪೂರ್ತಿ ಸಡಿಲ. ಆಮೇಲೆ ಎಂಜಿನ್ ಶುರುಮಾಡಿ ಪೆಡಲನ್ನು ಹತ್ತಾರು ಸಲ ಒತ್ತಿ ಪ್ಯಾಡುಗಳು ಡಿಸ್ಕಿನ ಹತ್ತಿರ ಬಂದು ಕೂರುವಂತೆ ಮಾಡುವುದು. ಎರಡೂ ಲಿವರುಗಳು ಸ್ಟಾಪರಿಗೆ ತಾಗಿವೆಯೆಂದು ಕಣ್ಣಾರೆ ನೋಡುವುದು. ಕೊನೆಗೆ ಕೇಬಲ್ ನಟ್ಟನ್ನು, ಲಿವರುಗಳು ಅಲುಗಾಡುವುದಕ್ಕೆ ಶುರುವಾಗುವ ತನಕ ಬಿಗಿದು ಅಲ್ಲಿಗೇ ನಿಲ್ಲಿಸುವುದು. ಎಷ್ಟು ಹಲ್ಲಿಗೆ ಹಿಡಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ. ಇಷ್ಟಾದರೂ ಹ್ಯಾಂಡ್‌ಬ್ರೇಕ್ ತುಂಬ ಮೇಲೆ ಬಂದರೆ ಕೇಬಲ್ ಹಳತಾಗಿದೆ, ಹೊಸದು ಹಾಕಿ, ಮತ್ತೆ ಬಿಗಿಯಬೇಡಿ.

ಡಿಸ್ಕ್ ಬದಲಿಸಬೇಕೇ ಎಂಬ ನಿಮ್ಮ ಪ್ರಶ್ನೆಗೆ ಈಗ ಬರಬಹುದು. ಹಿಂದಿನ ಡಿಸ್ಕ್ ಬಹಳ ಕಾರುಗಳಲ್ಲಿ ಮುಂದಿನದರಂತೆ ನಡುವೆ ಗಾಳಿದಾರಿ ಇರುವ ಜೋಡಿತಟ್ಟೆಯಲ್ಲ, ಒಂಟಿ ತಟ್ಟೆ. ಹೊಸದರಲ್ಲೇ ಒಂದು ಸೆಂಟಿಮೀಟರ್ ಆಸುಪಾಸು ದಪ್ಪ. ಎಷ್ಟು ತೆಳ್ಳಗಾಗುವ ತನಕ ಬಳಸಬಹುದು ಎಂಬ ಅಂಕಿಯನ್ನು ಡಿಸ್ಕಿನ ಮೇಲೇ ಅಚ್ಚೊತ್ತಿರುತ್ತಾರೆ. ವರ್ನಿಯರಿನಿಂದ ಅಳೆಸಿ. ಅಂಚಿನಲ್ಲಿ ಸವೆಯದೆ ಉಳಿದ ದಿಣ್ಣೆಯ ಮೇಲೆ ವರ್ನಿಯರ್ ಕೂತರೆ ಅಳತೆ ಸುಳ್ಳಾಗುತ್ತದೆ, ಅದನ್ನು ತಪ್ಪಿಸಿ ಪ್ಯಾಡ್ ಓಡುವ ಜಾಗದಲ್ಲಿ ಅಳೆಯಬೇಕು. ಹೊರಮುಖ ಹೊಳೆಯುತ್ತಿದೆಯೆಂದು ನಂಬಬೇಡಿ, ನಿಮ್ಮಲ್ಲಿ ಮುಗಿದಿರುವುದು ಒಳಗಿನ ಪ್ಯಾಡು. ಟಾರ್ಚು, ಸಣ್ಣ ಕನ್ನಡಿ ಹಿಡಿದು ಒಳಮುಖ ನೋಡಿ. ಪ್ಯಾಡಿನ ತಗಡು ಕೊರೆದ ಆಳದ ಗೀರು, ನೀಲಿ ಮಚ್ಚೆ, ಬಿರುಕು ಇದ್ದರೆ ಎರಡೂ ಕಡೆಯ ಡಿಸ್ಕ್ ಬದಲಿಸಿ. ಲೇತಿಗೆ ಕೊಟ್ಟು ಸವರಿಸುವ ಆಸೆ ಬೇಡ. ಒಂಟಿ ತಟ್ಟೆಯಲ್ಲಿ ಸವರಲು ಇರುವುದೇ ಎರಡು ಮಿಲಿಮೀಟರು, ಅದರಲ್ಲಿ ಅರ್ಧ ನೀವಾಗಲೇ ಖರ್ಚು ಮಾಡಿರುತ್ತೀರಿ. ಪ್ಯಾಡ್ ಹೇಗೂ ಹೋಗಿದೆ, ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಬಲಗಡೆಯದು ಚೆನ್ನಾಗಿದೆಯೆಂದು ಉಳಿಸಿಕೊಂಡರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ.

ತಿರುಪತಿಯ ಮಾತು ಬಂದದ್ದರಿಂದ ಬ್ರೇಕ್ ಆಯಿಲ್ಲಿನ ಬಗ್ಗೆ ಹೇಳಲೇಬೇಕು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ, ಚಿತ್ತೂರು ಸುಮಾರು 330 ಮೀಟರ್. ಮುಳಬಾಗಿಲು, ನಂಗಲಿ ದಾಟಿ ಪಲಮನೇರು ಕಳೆದ ಮೇಲೆ ಮೊಗಿಲಿ ಘಾಟಿಯಲ್ಲಿ ರಸ್ತೆ ಒಮ್ಮೆಗೇ ಕೆಳಗಿಳಿಯುತ್ತದೆ. ಜನ, ಸಾಮಾನು ಸೇರಿ 1500 ಕೆ.ಜಿ. ತೂಗುವ ಕಾರು ಪ್ರತಿ 100 ಮೀಟರ್ ಇಳಿದಾಗಲೂ ಬಿಟ್ಟುಕೊಡುವ ಶಕ್ತಿ ಸುಮಾರು 15 ಲಕ್ಷ ಜೂಲ್. ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು. ಅದರಲ್ಲಿ ಗಾಳಿಗೆ, ಎಂಜಿನ್ನಿಗೆ ಹೋದದ್ದು ಹೋಗಿ ಉಳಿದದ್ದೆಲ್ಲ ಬ್ರೇಕಿನ ಬಿಸಿಯಾಗುತ್ತದೆ. ಮೊದಲೇ ಕಾದಿರುವ ನಿಮ್ಮ ಎಡಚಕ್ರಕ್ಕೆ ಇದು ಮೇಲಿನ ಹೊರೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ಗೆ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ, ಶೇ. 3.7ರಷ್ಟು ನೀರು ಸೇರಿದ ಮೇಲೆ ಅದಕ್ಕೆ ನಿಗದಿಯಾದ ಕನಿಷ್ಠ ಮಿತಿ ಬರೀ 155 ಡಿಗ್ರಿ. ಕುದಿದ ಆಯಿಲ್ಲಿನಲ್ಲಿ ಆವಿಯ ಗುಳ್ಳೆ, ಗುಳ್ಳೆಯಿದ್ದಲ್ಲಿ ಪೆಡಲ್ ನೆಲಕ್ಕೆ. ಹಿಂದಿನ ಮಾಲೀಕರು ಯಾವಾಗ ಬದಲಿಸಿದ್ದರೋ ಯಾರಿಗೂ ತಿಳಿಯದು, ಹೇಗೂ ನಿಪ್ಪಲ್ ತೆರೆಯುತ್ತೀರಿ, ಪೂರ್ತಿ ಹೊಸದು ತುಂಬಿಸಿ. ಆಮೇಲೆ ಎರಡು ವರ್ಷಕ್ಕೊಮ್ಮೆ. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರುಮಾಡುವುದು ರೂಢಿ. ವಿದೇಶಿ ವಿಡಿಯೊಗಳು ಹಿಂದಿನ ಬಲಚಕ್ರ ಎನ್ನುವುದು ಅವರ ಸ್ಟಿಯರಿಂಗ್ ಎಡಕ್ಕಿರುವುದರಿಂದ. ನಮ್ಮಲ್ಲಿ ದೂರದ್ದು ಹಿಂದಿನ ಎಡಚಕ್ರ. ನಿಮ್ಮ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಘಾಟಿ ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನಿಗೇ ಕಾರನ್ನು ಹಿಡಿಯಲು ಬಿಡಿ; ನ್ಯೂಟ್ರಲ್ ಮಾಡಿ ಇಂಧನ ಉಳಿಸುವ ಬುದ್ಧಿವಂತಿಕೆ ಬೇಡ. ತಿರುಮಲದ ಇಳಿಘಾಟಿಗೂ ಇದೇ ಮಾತು.

ಕೇಬಲ್ ಕಿತ್ತುಹಾಕಿ ಎಂದವರ ಸಲಹೆಗೆ ಬಂದರೆ, ಚಕ್ರದ ಬಿಸಿ ಅದರಿಂದ ನಿಜಕ್ಕೂ ಕಡಿಮೆಯಾಗಬಹುದು. ಅದಕ್ಕೇ ಆ ಸಲಹೆ ಅಪಾಯದ್ದು. ಕಾಲಿನ ಬ್ರೇಕ್ ಕೈಕೊಟ್ಟ ದಿನ ಕಾರಿನಲ್ಲಿ ಉಳಿಯುವ ಇನ್ನೊಂದೇ ಬ್ರೇಕ್ ಅದು. ಆಯಿಲ್ಲಿನ ಹಂಗಿಲ್ಲದೆ ಬರೀ ತಂತಿಯಲ್ಲಿ ನಡೆಯುವಂತೆ ಅದನ್ನು ಮಾಡಿರುವುದೇ ಅದಕ್ಕಾಗಿ. ಕಾನೂನಿನ ತೊಡಕೂ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಆಗ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ನಿಮ್ಮದು 2009ರದ್ದು, ಒಂದು ಸಲ ಆ ಬಾಗಿಲು ದಾಟಿರಬೇಕು. ಮುಂದಿನ ಸಲ ಹ್ಯಾಂಡ್‌ಬ್ರೇಕ್ ಇಲ್ಲದ ಕಾರನ್ನು ಕೋಲಾರದ ಆರ್‌ಟಿಒ ಕಚೇರಿಯ ಮುಂದೆ ನಿಲ್ಲಿಸಿ ಏನು ಹೇಳುತ್ತೀರಿ?

ಖರ್ಚಿನ ವಿಷಯ. ಗ್ರೀಸು, ಪಿನ್ನಿನ ಬೂಟು, ಆಯಿಲ್, ಇವು ನೂರರ ಲೆಕ್ಕದವು. ಪ್ಯಾಡು, ಕೇಬಲ್, ಹೋಸು ಅದಕ್ಕಿಂತ ಮೇಲೆ. ಡಿಸ್ಕ್ ಜೋಡಿ ಇನ್ನೂ ಮೇಲೆ, ಹೊಸ ಕ್ಯಾಲಿಪರ್ ಎಲ್ಲಕ್ಕಿಂತ ಮೇಲೆ. ಪರೀಕ್ಷೆಯೂ ಇದೇ ಏಣಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಲಿ. ಪಿಸ್ಟನ್ ಟೂಲಿಗೂ ತಿರುಗದೆ ಹಟ ಹಿಡಿದರೆ, ಅಥವಾ ಲಿವರಿನ ಬುಡದಲ್ಲಿ ಆಯಿಲ್ ಜಿನುಗುತ್ತಿದ್ದರೆ ಮಾತ್ರ ಕ್ಯಾಲಿಪರ್ ಬದಲಿಸುವ ಯೋಚನೆ. ಕೋಲಾರದಲ್ಲಿ ಸಾಮಾನು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಸಂಭವ ಹೆಚ್ಚು. ಹೋಗುವಾಗ ಕಾರಿನ ಚಾಸಿ ನಂಬರನ್ನೂ ಹಳೆಯ ಪ್ಯಾಡನ್ನೂ ಒಯ್ಯಿರಿ, ಒಂದೇ ಮಾಡೆಲ್ಲಿಗೆ ಎರಡು ಬಗೆಯ ಕ್ಯಾಲಿಪರ್ ಬಂದಿರುವುದುಂಟು. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಕ್ಯಾಲಿಪರ್ ಅಗ್ಗಕ್ಕೆ ಕಂಡರೆ, ಪಿಸ್ಟನ್ನೂ ಲಿವರೂ ಸರಾಗವಾಗಿ ಆಡುವುದನ್ನು ನೋಡಿ, ಸೀಲ್ ಕಿಟ್ ಹೊಸದು ಹಾಕಿಸುವುದಾದರೆ ತರಬಹುದು. ಹಳೆಯ ಹೋಸು, ಹಳೆಯ ಪ್ಯಾಡು ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಕೆಲಸ ಮುಗಿಸುವುದನ್ನು ಪ್ರಯಾಣದ ಹಿಂದಿನ ಸಂಜೆಗೆ ಇಟ್ಟುಕೊಳ್ಳಬೇಡಿ, ಒಂದು ವಾರ ಮೊದಲೇ ಮುಗಿಸಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ಓಟ ಬೇಕು, ಮೊದಲ ದಿನಗಳಲ್ಲಿ ಗಕ್ಕನೆ ನಿಲ್ಲಿಸುವ ಸಂದರ್ಭ ತಂದುಕೊಳ್ಳದೆ ಓಡಿಸಿ. ಆಮೇಲೆ ಕೋಲಾರಕ್ಕೆ ಎಂದಿನಂತೆ ಒಮ್ಮೆ ಹೋಗಿ ಬಂದು ಹಿಂದಿನ ಎರಡೂ ಚಕ್ರಗಳ ಬಿಸಿ ಹೋಲಿಸಿ. ಎಡಬಲ ಹೆಚ್ಚುಕಡಿಮೆ ಸಮವಾಗಿದ್ದರೆ ಇದೇ ಕಾರಿನಲ್ಲಿ ಹೊರಡಿ. ಇಲ್ಲವಾದರೆ ಮುಳಬಾಗಿಲಿನ ಮೇಲೆಯೇ ತಿರುಪತಿಗೆ ಬಸ್ಸುಗಳಿವೆ.